ಗೇಟಿನ ಗಂಟೆ ಮೂಕಾದ ದಿನ

ಬೆಂಗಳೂರಿಂದ ರಾತ್ರಿ ಹೊರಟ ರೈಲು ಬಂಟ್ವಾಳ ಮುಟ್ಟುವಾಗ ಬೆಳಗಿನ ಜಾವ. ಅರ್ಧ ನಿದ್ದೆಯಲ್ಲಿ ಬ್ಯಾಗು ಎಳೆದುಕೊಂಡು ಇಳಿದರೆ ಮೊದಲು ಸಿಗುವುದು ಒದ್ದೆ ಮಣ್ಣಿನ ವಾಸನೆ, ಆಮೇಲೆ ಆಟೋದವರ ತುಳು. ಸ್ಟೇಷನ್ ಹೆಸರು ಬಂಟ್ವಾಳ ಆದರೂ ಇರುವುದು ಬಿ.ಸಿ. ರೋಡಿನಲ್ಲಿ. ಬಿ.ಸಿ. ಅಂದ್ರೆ ಬಂಟ್ವಾಳ ಕ್ರಾಸ್. ಹೊಸಬರು ಇದನ್ನು ಕೇಳಿ ಒಮ್ಮೆ ನಗ್ತಾರೆ.

ನಮ್ಮ ಕಡೆಯವರಿಗೆ ರೈಲು ಅಂದ್ರೆ ಇದೇ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಅಕ್ಕಪಕ್ಕದ ಪೇಟೆಗಳು. ಬಸ್ಸು ಮೂರಕ್ಕೂ ಧಾರಾಳ. ರೈಲು ಮಾತ್ರ ಬಂಟ್ವಾಳಕ್ಕಷ್ಟೇ. ನಮ್ಮ ಮನೆ ಸಿದ್ದಕಟ್ಟೆ ದಾಟಿ ಮೂಡುಬಿದಿರೆ ಕಡೆಗೆ. ಅಮ್ಮ ಪ್ರೈಮರಿ ಶಾಲೆ ಟೀಚರ್ ಆಗಿ ಹೆಚ್ಚು ವರ್ಷ ಕಳೆದದ್ದು ಬೆಳ್ತಂಗಡಿ ತಾಲ್ಲೂಕಿನಲ್ಲಿ. ಹಾಗಾಗಿ ಈ ಮೂರು ಊರುಗಳ ತ್ರಿಕೋನದಲ್ಲೇ ನನ್ನ ಬಾಲ್ಯ ಮುಗಿದದ್ದು.

ಈ ಬರಹ ಒಂದು ರೈಲ್ವೆ ಗೇಟಿನ ಬಗ್ಗೆ. ಗೇಟಿನ ಹೆಸರು ಹೇಳುವುದಿಲ್ಲ, ಯಾಕೆಂದರೆ ತಪ್ಪು ಗೇಟಿನದ್ದಲ್ಲ, ನನ್ನದು.

ಹಳಿ ಬರುವ ಮೊದಲೇ ಬಂದ ಗಂಟೆ

ರೈಲು ನೋಡುವ ಮೊದಲೇ ನಾನು ಹಳಿ ನೋಡಿದ್ದೆ. ಅಮ್ಮನ ಶಾಲೆಯ ಜಗಲಿಯಲ್ಲಿ ಒಂದು ಮೊಳದಷ್ಟು ಹಳಿ ತುಂಡನ್ನು ದಪ್ಪ ತಂತಿಯಲ್ಲಿ ತೂಗು ಹಾಕಿದ್ದರು. ಅದೇ ಶಾಲೆಯ ಗಂಟೆ. ಪಕ್ಕದಲ್ಲಿ ಒಂದು ಕಬ್ಬಿಣದ ಸರಳು. ನಿಮ್ಮ ಶಾಲೆಯಲ್ಲೂ ಹೀಗೇ ಇದ್ದಿರಬಹುದು. ಕರ್ನಾಟಕದ ಅದೆಷ್ಟೋ ಸರ್ಕಾರಿ ಶಾಲೆಗಳಲ್ಲಿ ‘ಲಾಂಗ್ ಬೆಲ್’ ಅಂದ್ರೆ ಸವೆದು ಗುಜರಿಗೆ ಬಂದ ಹಳಿಯ ಕೊನೆಯ ಕೆಲಸ.

ಆ ಹಳಿ ತುಂಡಿಗೂ ಸ್ವಭಾವ ಇತ್ತು. ಎಲ್ಲಿ ಹೊಡೆದರೂ ಒಂದೇ ಸದ್ದು ಬರುತ್ತಿರಲಿಲ್ಲ. ತುದಿಗೆ ಹೊಡೆದರೆ ‘ಠಣ್’ ಅಂತ ಉದ್ದಕ್ಕೆ ಹೋಗ್ತಿತ್ತು, ನಡುವೆ ಹೊಡೆದರೆ ‘ಟಕ್’ ಅಂತ ಅಲ್ಲೇ ಸಾಯ್ತಿತ್ತು. ಮಳೆಗಾಲದಲ್ಲಿ ಗಾಳಿಗೆ ತಿರುಗಿ ಗೋಡೆಗೆ ತಾಗಿ ನಿಂತರೆ ಸ್ವರವೇ ಇಲ್ಲ. ವರ್ಷಗಟ್ಟಲೆ ಒಂದೇ ಜಾಗಕ್ಕೆ ಪೆಟ್ಟು ಬಿದ್ದು ಅಲ್ಲಿ ಮಾತ್ರ ಬೆಳ್ಳಿಯ ಹಾಗೆ ಹೊಳೀತಿತ್ತು. ಉಳಿದ ಕಡೆ ತುಕ್ಕು. ಹಳಿಯ ಹೊಟ್ಟೆಯ ಮೇಲೆ ಅದರ ತೂಕ, ತಯಾರಾದ ಇಸವಿಯನ್ನು ಉಬ್ಬಕ್ಷರದಲ್ಲಿ ಹಾಕಿರ್ತಾರೆ. ನಮ್ಮದರಲ್ಲಿ ಅಕ್ಷರ ಇದ್ದದ್ದು ಬೆರಳಿಗೆ ತಿಳೀತಿತ್ತು, ಕಣ್ಣಿಗೆ ಓದಲು ಆಗುತ್ತಿರಲಿಲ್ಲ.

ಅಮ್ಮನಿಗೆ ಮಾತ್ರ ಸರಿಯಾದ ಜಾಗ ಗೊತ್ತಿತ್ತು. ಒಂದೇ ಪೆಟ್ಟು. ಗದ್ದೆಯಾಚೆಯ ಮಕ್ಕಳು ಓಡಲು ಶುರು.

ನಿಜವಾದ ರೈಲು ನೋಡಿದ್ದು ಎಂಟು ವರ್ಷಕ್ಕೆ, ಬಂಟ್ವಾಳದ ಆಚೆ ಒಂದು ಗೇಟಿನಲ್ಲಿ, ಅಪ್ಪನ ಸ್ಕೂಟರ್ ಮುಂದೆ ನಿಂತುಕೊಂಡು. ಆಗ ಇದ್ದದ್ದು ಮೀಟರ್ ಗೇಜ್. ಮಂಗಳೂರಿಗೆ ಕೇರಳದ ಕಡೆಯಿಂದ ರೈಲು ಬಂದದ್ದು 1907ರಲ್ಲೇ ಆದರೂ, ಘಟ್ಟ ಹತ್ತಿ ಹಾಸನಕ್ಕೆ ಹೋಗುವ ಹಳಿ ಪೂರ್ತಿಯಾಗಲು 1979 ಬರಬೇಕಾಯಿತು. ಒಂದು ಮೀಟರ್ ಅಗಲದ ಆ ಹಳಿಯನ್ನು 1.676 ಮೀಟರಿನ ಬ್ರಾಡ್‌ಗೇಜ್ ಮಾಡಲು 1996ರಲ್ಲಿ ಘಟ್ಟದ ಓಡಾಟ ನಿಲ್ಲಿಸಿದರು. ಮತ್ತೆ ಗೂಡ್ಸ್ ರೈಲು ಹತ್ತಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ.ಯಲ್ಲಿ 57 ಸುರಂಗ ಅಂದರೆ ಆ ಕೆಲಸ ಎಂಥದ್ದು ಅಂತ ನೀವೇ ಯೋಚಿಸಿ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಶುರುವಾದ ಕೆಲಸ ಮುಗಿಯುವಾಗ ಕಾಲೇಜಿನಲ್ಲಿದ್ದೆ.

ಆ ಮೊದಲ ದಿನ ನನಗೆ ರೈಲಿಗಿಂತ ನೆನಪಿರುವುದು ಗೇಟಿನ ಗಂಟೆ. ನಿಲ್ಲದೆ ಬಡೀತಾ ಇತ್ತು. ಗಂಟೆ ನಿಂತ ಕೂಡಲೇ ಅಪ್ಪ ಕಿಕ್ ಹೊಡೆದರು. ಗಂಟೆ ಬಡಿದರೆ ರೈಲು, ನಿಂತರೆ ರಸ್ತೆ. ಎಂಟು ವರ್ಷದ ತಲೆಯಲ್ಲಿ ಕೂತ ಈ ಲೆಕ್ಕ ಮೂವತ್ತು ದಾಟಿದರೂ ಹೋಗಿರಲಿಲ್ಲ.

ಒಂದೊಂದು ಗೇಟಿಗೆ ಒಂದೊಂದು ಸ್ವರ

ಗೇಟುಗಳ ಹತ್ತಿರ ಮನೆ ಇರುವವರನ್ನು ಕೇಳಿ ನೋಡಿ. ಕಣ್ಣು ಮುಚ್ಚಿ ಹೇಳ್ತಾರೆ, ಇದು ಯಾವ ಗೇಟಿನ ಗಂಟೆ ಅಂತ. ಒಂದಕ್ಕೆ ಅವಸರ, ಒಂದಕ್ಕೆ ಕೆಮ್ಮು, ಇನ್ನೊಂದು ನಾಲ್ಕು ಸಲ ಬಡಿದು ಉಸಿರು ತೆಗೆದುಕೊಂಡು ಮತ್ತೆ ಬಡೀತದೆ.

ಕಾರಣ ದೊಡ್ಡದೇನಲ್ಲ. ಹಳೇ ನಮೂನೆಯ ವಿದ್ಯುತ್ ಗಂಟೆಯ ಒಳಗೆ ತಂತಿ ಸುತ್ತಿದ ಒಂದು ಕಬ್ಬಿಣ. ಕರೆಂಟ್ ಹರಿದಾಗ ಅದು ಅಯಸ್ಕಾಂತ ಆಗಿ ಸುತ್ತಿಗೆಯನ್ನು ಎಳೀತದೆ, ಸುತ್ತಿಗೆ ಬಟ್ಟಲಿಗೆ ಬಡೀತದೆ. ಬಡಿಯುವಾಗಲೇ ಕರೆಂಟಿನ ದಾರಿ ತುಂಡಾಗಿ, ಸ್ಪ್ರಿಂಗು ಸುತ್ತಿಗೆಯನ್ನು ಹಿಂದಕ್ಕೆ ತರ್ತದೆ. ಆಗ ದಾರಿ ಮತ್ತೆ ಕೂಡುತ್ತದೆ. ಹೀಗೆ ಪ್ರತಿ ಪೆಟ್ಟಿಗೂ ಅಲ್ಲೊಂದು ಸಣ್ಣ ಕಿಡಿ. ಆ ಕಿಡಿ ಲೋಹದ ತುದಿಯನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತದೆ. ಬ್ಯಾಟರಿ ಇಳಿದರೆ ಸುತ್ತಿಗೆ ನಿಧಾನ. ಬಟ್ಟಲಿನಲ್ಲಿ ಸಣ್ಣ ಬಿರುಕು ಬಿದ್ದರೆ ಸ್ವರ ಒಡಕು. ಜೊತೆಗೆ ನಮ್ಮ ಜಿಲ್ಲೆಯ ಮಳೆ, ವರ್ಷಕ್ಕೆ ಸುಮಾರು 4,000 ಮಿ.ಮೀ. ತುಕ್ಕು ಹಿಡಿಯದ ವಸ್ತು ನಮ್ಮಲ್ಲಿ ಪ್ಲಾಸ್ಟಿಕ್ ಒಂದೇ. ಮಳೆ ಸಾಲದು ಅಂತ ಬೇಸಿಗೆಯಲ್ಲಿ ಇರುವೆ, ಕಣಜ ಬಂದು ಒಳಗೆ ಸಂಸಾರ ಹೂಡುತ್ತವೆ. ಈಗ ಹಲವು ಕಡೆ ಗಂಟೆ ಹೋಗಿ ಎಲೆಕ್ಟ್ರಾನಿಕ್ ಹೂಟರ್ ಬಂದಿದೆ. ಅದಕ್ಕೆ ಕೆಮ್ಮು ಇಲ್ಲ, ಆದರೆ ಸ್ಪೀಕರಿಗೆ ನೀರು ಹೋದರೆ ಅದಕ್ಕೂ ಗಂಟಲು ಕಟ್ಟುತ್ತದೆ.

ಸಿಗ್ನಲ್ ದೀಪಗಳಿಗೂ ಇಂಥ ಕತೆಗಳಿವೆ. ಹಿಂದೆ ಸೀಮೆಎಣ್ಣೆ ದೀಪದ ಮುಂದೆ ಬಣ್ಣದ ಗಾಜು ಇಟ್ಟ ಕೈಮರದ ಸಿಗ್ನಲ್ ಇರುತ್ತಿತ್ತಲ್ಲ, ಅದರ ‘ಹಸಿರು’ ಗಾಜು ಹತ್ತಿರದಿಂದ ನೋಡಿದರೆ ನೀಲಿ ಛಾಯೆಯದು. ಸೀಮೆಎಣ್ಣೆ ಜ್ವಾಲೆ ಹಳದಿ ತಾನೇ? ಎರಡೂ ಸೇರಿ ದೂರಕ್ಕೆ ಹಸಿರು ಕಾಣುತ್ತಿತ್ತು. ಆಮೇಲೆ ಬಲ್ಬು ಬಂತು, ಒಂದು ತಂತಿ ಸುಟ್ಟರೆ ಇನ್ನೊಂದು ಹೊತ್ತಿಕೊಳ್ಳಲಿ ಅಂತ ಒಳಗೆ ಎರಡು ತಂತಿ. ಈಗ ಎಲ್‌ಇಡಿ. ದೀಪದ ಮೇಲೆ ಟೋಪಿಯ ಹಾಗಿರುವ ತಗಡು ಮಳೆಗೆ ಮಾತ್ರ ಅಂತ ನಾನು ತಿಳಿದಿದ್ದೆ. ಅಲ್ಲವಂತೆ. ಸಂಜೆ ಬಿಸಿಲು ನೇರ ಗಾಜಿನೊಳಗೆ ಹೊಕ್ಕರೆ ಆರಿದ ದೀಪವೂ ಉರಿದ ಹಾಗೆ ಕಾಣಬಹುದು, ಅದಕ್ಕೆ ಆ ನೆರಳು.

ಇದನ್ನೆಲ್ಲ ನನಗೆ ಹೇಳಿದ್ದು ಒಬ್ಬ ಗೇಟ್‌ಮ್ಯಾನ್. ಹೇಳಬೇಕಾಗಿ ಬಂದ ಸಂದರ್ಭ ಮಾತ್ರ ಚಂದದ್ದಲ್ಲ.

ಆ ಜೂನ್ ಸಂಜೆ

ಎರಡು ವರ್ಷದ ಹಿಂದಿನ ಜೂನ್. ವಾರದ ಮಟ್ಟಿಗೆ ಊರಿಗೆ ಬಂದಿದ್ದೆ. ಪಾಣೆಮಂಗಳೂರು ಕಡೆಯ ಗೆಳೆಯನ ಮನೆಯಿಂದ ಅವನದೇ ಸ್ಕೂಟರ್ ತಗೊಂಡು ಹೊರಟಿದ್ದೆ. ರೈನ್‌ಕೋಟಿನ ಟೋಪಿ, ಅದರ ಮೇಲೆ ಹೆಲ್ಮೆಟ್, ಕಿವಿಯಲ್ಲಿ ಇಯರ್‌ಬಡ್. ಆಫೀಸಿನ ಕಾಲ್ ನಡೀತಾ ಇತ್ತು. ‘ನಾನು ಮ್ಯೂಟಲ್ಲಿದ್ದೇನೆ, ಮುಂದುವರಿಸಿ’ ಅಂತ ಹೇಳಿದ್ದೆ. ನೀವೂ ಹೇಳಿರ್ತೀರಿ.

ಗೇಟು ಹತ್ತಿರ ಬಂದಾಗ ಅಡ್ಡಕಂಬ ಅರ್ಧಕ್ಕೆ ನಿಂತಿತ್ತು. ಗಂಟೆ ಕೇಳಿಸಲಿಲ್ಲ. ರೈಲು ಹೋಗಿ ಆಗಿದೆ, ಕಂಬ ಮೇಲೆ ಹೋಗ್ತಾ ಇದೆ ಅಂದುಕೊಂಡೆ. ತಲೆ ತಗ್ಗಿಸಿ ಕೆಳಗಿಂದ ನುಗ್ಗಿದೆ.

ನಿಜ ಸಂಗತಿ ಉಲ್ಟಾ. ಕಂಬ ಇಳೀತಾ ಇತ್ತು. ಒಳಗೆ ಸಿಕ್ಕಿಬಿದ್ದ ಒಂದು ಆಟೋ ಆಚೆ ದಾಟಲಿ ಅಂತ ಗೇಟ್‌ಮ್ಯಾನ್ ಹ್ಯಾಂಡಲ್ ತಿರುಗಿಸುವುದನ್ನು ಅರ್ಧಕ್ಕೆ ನಿಲ್ಲಿಸಿದ್ದರು. ಗಂಟೆ ಬಡೀತಾ ಇರಲಿಲ್ಲ, ಯಾಕೆಂದರೆ ಹಿಂದಿನ ರಾತ್ರಿಯ ಮಳೆಗೆ ಅದು ಮೂಕಾಗಿತ್ತು. ಅವರು ಪುಸ್ತಕದಲ್ಲಿ ಬರೆದು, ಫೋನಿನಲ್ಲಿ ತಿಳಿಸಿ, ರಿಪೇರಿಯವರ ದಾರಿ ಕಾಯ್ತಾ ಇದ್ದರು. ಅಲ್ಲಿಯವರೆಗೆ ಬಾಯಲ್ಲಿ ಕೂಗುವುದೇ ಗಂಟೆ. ಆ ಕೂಗು ನನ್ನ ಇಯರ್‌ಬಡ್ ದಾಟಿ ಬರಲಿಲ್ಲ.

ಹಳಿಯ ಪಕ್ಕದ ಸಂದಿಗೆ ಮುಂದಿನ ಚಕ್ರ ಓರೆಯಾಗಿ ಇಳಿಯಿತು. ಒದ್ದೆ ಕಬ್ಬಿಣ, ಸವೆದ ಟೈರು. ಸ್ಕೂಟರ್ ಮಲಗಿತು, ನಾನು ಅದರ ಕೆಳಗೆ. ಒಂದು ಇಯರ್‌ಬಡ್ ಹಾರಿಹೋಯಿತು. ಆಗ ಆ ಕಿವಿಗೆ ಕೇಳಿಸಿದ್ದು ರೈಲಿನ ಸೀಟಿ. ಉದ್ದಕ್ಕೆ, ಹತ್ತಿರದಿಂದ. ಇನ್ನೊಂದು ಕಿವಿಯಲ್ಲಿ ಮ್ಯಾನೇಜರ್ ಮುಂದಿನ ವಾರದ ಡೆಡ್‌ಲೈನ್ ಹೇಳ್ತಾ ಇದ್ದ.

ಕೈಕಾಲು ಆಡಲಿಲ್ಲ ಅಂತ ಬರೆದರೆ ಸುಲಭ. ಆಡಿದವು, ಆದರೆ ತಪ್ಪು ಕೆಲಸಕ್ಕೆ. ನಾನು ಎದ್ದು ಓಡುವ ಬದಲು ಸ್ಕೂಟರ್ ಎತ್ತಲು ಹೋದೆ. ಬೇರೆಯವರ ಗಾಡಿ ಅಲ್ವಾ! ಗೇಟ್‌ಮ್ಯಾನ್ ಕೆಂಪು ಬಾವುಟ ಹಿಡಿದು ಬಂದು, ಮೊದಲು ನನ್ನನ್ನು ಕಾಲರ್ ಹಿಡಿದು ಆಚೆ ಎಳೆದು, ಆಮೇಲೆ ಆಟೋದವನ ಜೊತೆ ಸೇರಿ ಸ್ಕೂಟರ್ ಎಳೆದರು. ಹೋಗಿ ಕಂಬ ಪೂರ್ತಿ ಇಳಿಸಿದರು, ಬೀಗ ಹಾಕಿದರು. ಎರಡು ನಿಮಿಷ ಬಿಟ್ಟು ರೈಲು ನಿಧಾನಕ್ಕೆ ಎದುರಿಗೆ ಹಾದುಹೋಯಿತು. ಕಿಟಕಿಗಳಿಂದ ಜನ ಬಗ್ಗಿ ನೋಡಿದರು. ಯಾರೋ ಬೈದರು. ನಾನು ಕೆಸರು ಮೆತ್ತಿಕೊಂಡು ನಿಂತಿದ್ದೆ.

ಬೈಗುಳ ಬರ್ತದೆ ಅಂತ ಕಾದೆ. ಅವರು ಕೇಳಿದ್ದು ಇಷ್ಟೇ:

“ಎಂತ ಮಾರಾಯ್ರೆ, ಗಂಟೆ ಬಡೀಲಿಲ್ಲಾಂತ ರೈಲು ಬರುದಿಲ್ವಾ?”

ಕೆಂಪಿಗೆ ಗೊತ್ತಿರುವುದು, ಗೊತ್ತಿಲ್ಲದ್ದು

ಗುಮ್ಟಿಯ ಒಳಗೆ ಕೂರಿಸಿ ನೀರು ಕೊಟ್ಟರು. ಗೋಡೆಯಲ್ಲಿ ಫೋನು, ಮೂಲೆಯಲ್ಲಿ ಬಾವುಟಗಳು, ಮೂರು ಬಣ್ಣದ ಕೈದೀಪ, ಹಳಿಯ ಮೇಲಿಟ್ಟರೆ ಚಕ್ರ ಹತ್ತಿದಾಗ ಸಿಡಿಯುವ ಪಟಾಕಿಯ ಡಬ್ಬ. ನನ್ನ ಕೈ ನಡುಗುವುದು ನಿಂತ ಮೇಲೆ ಅವರು ಹೇಳಿದರು, “ನಿಮ್ಮನ್ನು ಉಳಿಸಿದ್ದು ನಾನಲ್ಲ. ಅದು.” ಕಿಟಕಿಯಿಂದ ದೂರದ ಕೆಂಪು ಚುಕ್ಕೆ ತೋರಿಸಿದರು.

ಅವರು ವಿವರಿಸಿದ್ದು ಹೀಗೆ. ಇಂಥ ಗೇಟಿಗೆ ಎರಡೂ ದಿಕ್ಕಿನಿಂದ ಗೇಟ್ ಸಿಗ್ನಲ್ ಇರುತ್ತದೆ, ಕಂಬದಲ್ಲಿ ಹಳದಿ ವೃತ್ತದೊಳಗೆ ಕಪ್ಪು ‘ಜಿ’ ಅಕ್ಷರ. ಗೇಟು ಪೂರ್ತಿ ಇಳಿದು ಬೀಗ ಬೀಳದೆ ಆ ಸಿಗ್ನಲ್ ಹಸಿರಾಗಲ್ಲ. ನಾನು ನುಗ್ಗಿದಾಗ ಗೇಟು ಅರ್ಧಕ್ಕೆ ಇತ್ತಲ್ಲ, ಹಾಗಾಗಿ ಕೆಂಪು ಕೆಂಪಾಗೇ ಉಳಿದಿತ್ತು. ರೈಲು ಅಲ್ಲೇ ನಿಂತು ಸೀಟಿ ಹೊಡೀತಾ ಇತ್ತು. ನಾನು ಸಾವು ಬಂತು ಅಂದುಕೊಂಡ ಆ ಸದ್ದು, ನಿಂತ ರೈಲಿನ ಅಸಹನೆ.

ಇಂಥ ಸಿಗ್ನಲ್ ಕೆಟ್ಟು ಕೆಂಪಲ್ಲೇ ಉಳಿದರೂ ದಾರಿ ಇದೆ. ಡ್ರೈವರ್ ಹಗಲಾದರೆ ಒಂದು ನಿಮಿಷ, ರಾತ್ರಿಯಾದರೆ ಎರಡು ನಿಮಿಷ ಕಾಯಬೇಕು. ಆಮೇಲೂ ಹಸಿರಾಗದಿದ್ದರೆ ಗೇಟಿನವರೆಗೆ ಎಚ್ಚರದಿಂದ ಬಂದು, ಗೇಟ್‌ಮ್ಯಾನ್ ಕೈಸನ್ನೆ ನೋಡಿ ಮುಂದೆ ಹೋಗಬೇಕು. ದೀಪ ಪೂರ್ತಿ ಆರಿದ್ದರೆ? ಆರಿದ್ದನ್ನೂ ಕೆಂಪು ಅಂತಲೇ ಲೆಕ್ಕ ಹಿಡೀಬೇಕು. ಹಳೇ ಕೈಮರಕ್ಕೂ ಇದೇ ಬುದ್ಧಿ. ತಂತಿ ಕಡಿದರೆ ಭಾರಕ್ಕೆ ತೋಳು ತಾನಾಗಿ ಅಡ್ಡ ನಿಲ್ಲಬೇಕು, ಅಡ್ಡ ಅಂದ್ರೆ ‘ನಿಲ್ಲು’. ಸವೆಯಲಿ, ಸುಡಲಿ, ಕಡಿಯಲಿ, ದೀಪದ ತಪ್ಪು ಯಾವಾಗಲೂ ‘ನಿಲ್ಲು’ ಕಡೆಗೇ ಬೀಳುವ ಹಾಗೆ ಮಾಡಿಟ್ಟಿದ್ದಾರೆ.

“ಗಂಟೆಗೆ ಆ ಬುದ್ಧಿ ಇಲ್ಲ” ಅಂದರು ಅವರು. “ಅದು ಹಾಳಾದ್ರೆ ಸುಮ್ಮನಾಗ್ತದೆ. ನಿಮಗೆ ಸುಮ್ಮನೆ ಅಂದ್ರೆ ‘ಹೋಗು’.”

ಅಲ್ಲಿಗೆ ನನ್ನ ಎಂಟು ವರ್ಷದ ಲೆಕ್ಕ ಮುರಿದುಬಿತ್ತು. ರೈಲಿನವನಿಗೆ ಕೊಟ್ಟ ಸಂಕೇತ ಕೆಟ್ಟರೆ ಅವನು ನಿಲ್ಲುತ್ತಾನೆ. ರಸ್ತೆಯವರಿಗೆ ಕೊಟ್ಟ ಸಂಕೇತ ಕೆಟ್ಟರೆ ನಾವು ಹೊರಡುತ್ತೇವೆ.

ಏಳುವಾಗ ಅವರು ಇನ್ನೊಂದು ಮಾತು ಹೇಳಿದರು. “ಗೇಟು ಪೂರ್ತಿ ಬಿದ್ದ ಮೇಲೆ ನೀವು ನುಗ್ಗಿದ್ರೆ ಆಗ್ತಿರ್ಲಿಲ್ಲ. ನಾನು ಹಸಿರು ಕೊಟ್ಟಾಗಿರ್ತಿತ್ತು. ಆ ದೀಪಕ್ಕೆ ಗೇಟು ಬಿದ್ದದ್ದು ಗೊತ್ತುಂಟು, ಒಳಗೆ ಮನುಷ್ಯ ಬಿದ್ದದ್ದು ಗೊತ್ತಾಗುದಿಲ್ಲ.” ವೇಗದಲ್ಲಿರುವ ರೈಲು ಬ್ರೇಕ್ ಹಾಕಿದ ಮೇಲೂ ಒಂದು ಕಿಲೋಮೀಟರ್ ಹತ್ತಿರ ಓಡಬಹುದು. ನಮ್ಮ ಕಡೆಯ ತಿರುವುಗಳಲ್ಲಿ ಡ್ರೈವರಿಗೆ ಅಷ್ಟು ದೂರ ಕಾಣುವುದಿಲ್ಲ.

ಮುಚ್ಚಿದ ಗೇಟು ತೆರೆದರೆ 1989ರ ರೈಲ್ವೆ ಕಾಯ್ದೆಯ 160ನೇ ಕಲಂ ಪ್ರಕಾರ 3 ವರ್ಷದವರೆಗೆ, ಮುರಿದರೆ 5 ವರ್ಷದವರೆಗೆ ಜೈಲು. ಅವರು ಅದನ್ನು ಹೇಳಿ ಹೆದರಿಸಲಿಲ್ಲ. ಆಮೇಲೆ ನಾನೇ ಹುಡುಕಿ ಓದಿದ್ದು.

ಅಮ್ಮ ಹೇಳಿದ್ದು

ಮನೆಯಲ್ಲಿ ಬಾಯಿ ಬಿಡಲಿಲ್ಲ. ಮೊಣಕೈ ತರಚಿದ್ದಕ್ಕೆ ‘ಸ್ಕೂಟರ್ ಜಾರಿತು’ ಅಂದೆ. ಸುಳ್ಳಲ್ಲ.

ಮಾರನೇ ದಿನ ಬೆಳ್ತಂಗಡಿಯಲ್ಲಿ ಚಿಕ್ಕಮ್ಮನ ಮನೆಯ ಪೂಜೆ. ಅಮ್ಮ, ನಾನು ಬಿ.ಸಿ. ರೋಡಿಗೆ ಬಂದು ಬೆಳ್ತಂಗಡಿ ಬಸ್ಸು ಹತ್ತಿದೆವು. ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ. ಮಳೆಗೆ ಕಿಟಕಿಯ ಶಟರ್ ಹಾಕಿ ಒಳಗೆ ಕತ್ತಲೆ. ಅಮ್ಮನಿಗೆ ಈಗ ಕಿವಿ ಕೇಳಿಸುವುದು ತೀರಾ ಕಡಿಮೆ. ಮಷೀನ್ ಇದೆ, ಬಸ್ಸಿನ ಗದ್ದಲಕ್ಕೆ ತೆಗೆದು ಪರ್ಸಿನಲ್ಲಿ ಇಡ್ತಾರೆ. ಹಾಗಾಗಿ ಊಟ ಮುಗಿಸಿ ವಾಪಸ್ ಹೊರಡುವವರೆಗೆ ಮಾತು ಆಗಲಿಲ್ಲ.

ವಾಪಸ್ ಬರುವಾಗ ವೇಣೂರು ದಾರಿ ಹಿಡಿದೆವು. ನಡುವೆ ಇಳಿದು ಅಮ್ಮನ ಹಳೇ ಶಾಲೆಗೆ ಹೋದೆವು. ರಜೆಯ ದಿನ, ಯಾರೂ ಇರಲಿಲ್ಲ. ಜಗಲಿಯಲ್ಲಿ ಹೊಸ ಕರೆಂಟ್ ಬೆಲ್ ಬಂದಿದೆ. ಹಳಿ ತುಂಡು ಮಾತ್ರ ಅದೇ ತಂತಿಯಲ್ಲಿ ಹಾಗೇ ಇತ್ತು. ಹೊಳೆಯುತ್ತಿದ್ದ ಜಾಗವನ್ನೂ ತುಕ್ಕು ಮುಚ್ಚಿತ್ತು. ಅಮ್ಮ ಸರಳು ಹುಡುಕಿ ಒಂದು ಪೆಟ್ಟು ಹೊಡೆದರು. ಸರಿಯಾದ ಜಾಗಕ್ಕೇ. ಹೊಡೆದು ಬಲಗೈಯ ಅಂಗೈಯನ್ನು ಹಳಿಗೆ ಒತ್ತಿ ಹಿಡಿದರು.

“ಕೇಳ್ಸಿತಾ?” ಅಂತ ಕೇಳಿದೆ.

“ಕೈಗೆ ಕೇಳ್ಸಿತು” ಅಂದರು.

ಅಲ್ಲಿ, ಆ ಖಾಲಿ ಜಗಲಿಯಲ್ಲಿ ಕೂತು ಹಿಂದಿನ ದಿನದ್ದೆಲ್ಲ ಹೇಳಿಬಿಟ್ಟೆ. ಜೋರಾಗಿ ಹೇಳಬೇಕಾಯಿತು. ತಪ್ಪನ್ನು ಕೂಗಿ ಒಪ್ಪಿಕೊಳ್ಳುವುದು ಕಷ್ಟದ ಕೆಲಸ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿದರು:

“ನನಗೆ ಕೇಳ್ಸುದಿಲ್ಲ. ಅದಕ್ಕೆ ರಸ್ತೆ ದಾಟುವಾಗ ಎರಡೂ ಬದಿ ನೋಡ್ತೇನೆ. ನಿನಗೆ ಕೇಳ್ಸ್ತದೆ. ಅದಕ್ಕೇ ನೀನು ನೋಡ್ಲಿಲ್ಲ.”

ಮೂಡುಬಿದಿರೆ ಮುಟ್ಟುವವರೆಗೆ ಅದೇ ಮಾತು ತಲೆಯಲ್ಲಿ ತಿರುಗ್ತಾ ಇತ್ತು. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್‌ಗಳ ಸೀಟಿ, ಹಾರ್ನು, ಜನ. ಸಾವಿರ ಕಂಬದ ಬಸದಿಯ ಊರು, 1430ರಿಂದ ನಿಂತ ಕಲ್ಲಿನ ಕಟ್ಟಡ. ರೈಲಿನ ಗಂಟೆ ಇಲ್ಲದ ಊರಿನಲ್ಲಿ ಎಲ್ಲರೂ ಎಡ ನೋಡಿ, ಬಲ ನೋಡಿ, ಕೈ ಅಡ್ಡ ಹಿಡಿದು ರಸ್ತೆ ದಾಟುತ್ತಾರೆ. ನಾನು ಮೊದಲ ಬಾರಿ ಅದನ್ನು ಗಮನಿಸಿದೆ.

ಇನ್ನು ಸ್ವಲ್ಪವೇ ದಿನ

ಇಂಥ ಗೇಟುಗಳು ಕಡಿಮೆಯಾಗ್ತಾ ಇವೆ. ಕಾವಲುಗಾರ ಇಲ್ಲದ ಗೇಟುಗಳನ್ನು ದೇಶದ ಬ್ರಾಡ್‌ಗೇಜ್ ಹಳಿಗಳಲ್ಲಿ 2019ರ ಜನವರಿ ಹೊತ್ತಿಗೇ ಮುಗಿಸಿದರು. ಕಾವಲಿರುವ ಗೇಟುಗಳ ಜಾಗಕ್ಕೂ ಒಂದೊಂದಾಗಿ ಕೆಳಸೇತುವೆ, ಮೇಲ್ಸೇತುವೆ ಬರುತ್ತಿವೆ. ಆದರೂ ಉಳಿದಿರುವವು ಸಾವಿರಾರು. ಎಲ್ಲಕ್ಕೂ ಗೇಟಿಗೂ ಸಿಗ್ನಲಿಗೂ ಗಂಟು ಹಾಕಿದ ವ್ಯವಸ್ಥೆ ಇಲ್ಲ. 2025ರ ಜುಲೈ 8ರಂದು ತಮಿಳುನಾಡಿನ ಕಡಲೂರು ಹತ್ತಿರ ಶಾಲಾ ವ್ಯಾನಿಗೆ ರೈಲು ಬಡಿದು ಮೂವರು ಮಕ್ಕಳು ಹೋದರು. ಆ ಗೇಟಿಗೆ ಇಂಟರ್‌ಲಾಕಿಂಗ್ ಇರಲಿಲ್ಲ. ಸುದ್ದಿ ಓದಿದಾಗ ನಾನು ಆಫೀಸಿನಲ್ಲಿದ್ದೆ. ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತೆ.

ಕಳೆದ ಸಲ ಊರಿಗೆ ಹೋದಾಗ ಆ ಗೇಟಿಗೆ ಹೋಗಿದ್ದೆ, ಒಂದು ಡಬ್ಬ ಹಲ್ವ ತಗೊಂಡು. ಅವರಿಗೆ ವರ್ಗ ಆಗಿತ್ತಂತೆ. ಹೊಸಬರು ಇದ್ದರು, ಹಲ್ವ ಅವರಿಗೇ ಕೊಟ್ಟೆ. ಕಾರಣ ಹೇಳಿದೆ, ನಕ್ಕರು. ಅಷ್ಟರಲ್ಲಿ ಫೋನು ಬಂತು, ಏನೋ ನಂಬರ್ ಹೇಳಿ ಬರೆದುಕೊಂಡರು, ಹ್ಯಾಂಡಲ್ ತಿರುಗಿಸಲು ಹೋದರು. ಗಂಟೆ ರಿಪೇರಿಯಾಗಿದೆ. ಸ್ವಲ್ಪ ಒಡಕು ಸ್ವರ, ಆದರೆ ಜೋರು.

ಗಂಟೆ ಬಡೀತಾ ಇತ್ತು. ನಾನು ಸ್ಕೂಟರ್ ಆಫ್ ಮಾಡಿ, ಇಯರ್‌ಬಡ್ ತೆಗೆದು ಜೇಬಿಗೆ ಹಾಕಿ ನಿಂತೆ. ರೈಲು ಹೋಯಿತು. ಗಂಟೆ ನಿಂತಿತು. ಕಂಬ ಪೂರ್ತಿ ಮೇಲೆ ಹೋಯಿತು. ಹಿಂದಿನ ಕಾರಿನವನು ಹಾರ್ನ್ ಹೊಡೆದ.

ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಆಮೇಲೆ ಹೊರಟೆ.